ಜಾಹೀರಾತು ಇಲ್ಲದಿದ್ದರೆ ಇಂಟರ್ನೆಟ್‌ಗೆ ದುಡ್ಡು ಕೊಡೋರು ಯಾರು?

ತಿಪಟೂರು ಸೀಮೆಯ ಒಂದು ಊರಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಮಧ್ಯಾಹ್ನ ಊಟ ಮುಗಿಸಿ, ಫೋನನ್ನು ನೀರಿನ ಚೊಂಬಿಗೆ ಒರಗಿಸಿಟ್ಟು, ಯೂಟ್ಯೂಬ್‌ನಲ್ಲಿ ದಾಸರ ಪದ ಕೇಳುತ್ತಾ ಅಡ್ಡಾಗುವುದು ಅವರ ಅಭ್ಯಾಸ. ಹೋದ ಸಲ ನಾನು ಅಲ್ಲಿದ್ದಾಗ ಪಲ್ಲವಿ ಮುಗಿದು ಇನ್ನೇನು ಚರಣ ಶುರುವಾಗಬೇಕಿತ್ತು. ಅಷ್ಟರಲ್ಲಿ ಒಬ್ಬ ಹುಡುಗ ಬಂದು, ಐದೇ ನಿಮಿಷದಲ್ಲಿ ಸಾಲ ಕೊಡುತ್ತೇನೆ ಅಂತ ಕೂಗಿದ. ದೊಡ್ಡಮ್ಮ ಬೆಚ್ಚಿ ಎದ್ದು ಕೂತರು. "ಅಲ್ಲ ಮಗಾ, ನಾನ್ ಯಾರತ್ರ ಸಾಲ ಕೇಳಿದ್ದೆ? ಇವನಿಗೆ ಯಾರು ಹೇಳಿದ್ರು?"

ಆ್ಯಡ್ ಬೇಡ ಅಂದರೆ ತಿಂಗಳಿಗೆ 150 ರೂಪಾಯಿ ಹತ್ತಿರ ಕಟ್ಟಬೇಕು ದೊಡ್ಡಮ್ಮ, ಅಂದೆ. "ಯಾಕೆ? ಮೊನ್ನೆ ತಾನೆ ರೀಚಾರ್ಜ್ ಮಾಡ್ಸಿಲ್ವಾ?" ಅಂದರು.

ಎರಡೂ ಸರಿಯಾದ ಪ್ರಶ್ನೆಗಳೇ. ಜಾಹೀರಾತು ಇಲ್ಲದೆ ಇಂಟರ್ನೆಟ್ ನಡೆಯುತ್ತದೆಯೇ ಅಂತ ಯೋಚಿಸಲು ಹೊರಟರೆ ಈ ಎರಡಕ್ಕೂ ಉತ್ತರ ಹುಡುಕಬೇಕು. ಸುಲಭದ್ದರಿಂದ, ಅಂದರೆ ರೀಚಾರ್ಜ್‌ನಿಂದ ಶುರು ಮಾಡೋಣ.

ರೀಚಾರ್ಜ್ ಹಣ ಮೊಬೈಲ್ ಕಂಪನಿಗೆ ಹೋಗುತ್ತದೆ. ಟವರ್, ನೆಲದಡಿಯ ಫೈಬರ್ ಕೇಬಲ್, ಸರ್ಕಾರದಿಂದ ಹರಾಜಿನಲ್ಲಿ ಕೊಂಡ ತರಂಗಾಂತರ, ಇವೆಲ್ಲ ಅದರಲ್ಲಿ ನಡೆಯಬೇಕು. ಹಾಡಿದವರಿಗೆ, ಹಾಡನ್ನು ಅಲ್ಲಿ ಹಾಕಿದವರಿಗೆ, ಆ ಹಾಡು ಕೂತಿರುವ ಸರ್ವರ್‌ಗೆ ಅದರ ಪಾಲು ಸಾಮಾನ್ಯವಾಗಿ ಬರುವುದಿಲ್ಲ. ರೀಚಾರ್ಜ್ ಅನ್ನುವುದು ಜಾತ್ರೆಗೆ ಹೋಗುವ ಬಸ್ ಚಾರ್ಜ್ ಇದ್ದ ಹಾಗೆ. ಬಸ್ಸಿನವರು ಜಾತ್ರೆ ಬಯಲಿನವರೆಗೆ ತಂದು ಬಿಡುತ್ತಾರೆ. ಅಲ್ಲಿ ನಾಟಕ ಆಡುವವರಿಗೆ, ತೊಟ್ಟಿಲು ತಿರುಗಿಸುವವರಿಗೆ, ರಾತ್ರಿ ಲೈಟ್ ಹಾಕಿಸುವವರಿಗೆ ದುಡ್ಡು ಬೇರೆಯೇ ಬೇಕು.

ಬಸ್ಸಿಗೆ ಜಾಹೀರಾತು ಬೇಕಿಲ್ಲ. ಅದಕ್ಕೆ ನಾವು ಈಗಾಗಲೇ ಕೊಡುತ್ತಿದ್ದೇವೆ. ಪ್ರಶ್ನೆ ಇರುವುದು ಜಾತ್ರೆಯದ್ದು.

ಈ ಜಾತ್ರೆ ಶುರುವಾದಾಗ ಜಾಹೀರಾತು ಇರಲಿಲ್ಲ ಅನ್ನುವುದನ್ನು ನಾವು ಮರೆತೇಬಿಟ್ಟಿದ್ದೇವೆ. ಇಂಟರ್ನೆಟ್‌ಗೆ ತಾಯಿಬೇರಾದ ಆರ್ಪಾನೆಟ್ 1969ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡಿನಲ್ಲಿ ಶುರುವಾಯಿತು. ಆಮೇಲೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಎನ್‌ಎಸ್‌ಎಫ್‌ನೆಟ್ ಬಂತು. ಅದರಲ್ಲಿ ವ್ಯಾಪಾರಕ್ಕೆ ಜಾಗ ಇಲ್ಲ ಅಂತ ನಿಯಮವೇ ಇತ್ತು. ಅದಕ್ಕೂ ಮೊದಲೇ ಆರ್ಪಾನೆಟ್‌ನಲ್ಲಿ, 1978ರ ಮೇ ತಿಂಗಳಲ್ಲಿ, ಗ್ಯಾರಿ ಥರ್ಕ್ ಎಂಬ ಕಂಪ್ಯೂಟರ್ ಕಂಪನಿಯ ನೌಕರ ತನ್ನ ಹೊಸ ಯಂತ್ರದ ಪ್ರಚಾರಕ್ಕೆ ಸುಮಾರು 400 ಜನಕ್ಕೆ ಒಟ್ಟಿಗೆ ಸಂದೇಶ ಕಳಿಸಿದಾಗ ಹಲವರು ಸಿಟ್ಟಾದರು. ಇವತ್ತು ನಾವು ಸ್ಪ್ಯಾಮ್ ಅನ್ನುವುದರ ಮೊದಲ ಉದಾಹರಣೆ ಅಂತ ಅದನ್ನೇ ಹೇಳುತ್ತಾರೆ. 1993ರ ಏಪ್ರಿಲ್‌ನಲ್ಲಿ ಯುರೋಪಿನ ಸರ್ನ್ ಸಂಶೋಧನಾ ಸಂಸ್ಥೆ, ಇಂಟರ್ನೆಟ್‌ನಲ್ಲಿ ಪುಟ ತೆರೆದು ಓದುವ ವೆಬ್ ತಂತ್ರಜ್ಞಾನವನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಅದೂ ಪುಕ್ಕಟೆಯಾಗಿ.

ಹಾಗಾದರೆ ಸುಮಾರು 25 ವರ್ಷ ಇಂಟರ್ನೆಟ್ ಜಾಹೀರಾತಿಲ್ಲದೆ ನಡೆದಿತ್ತಲ್ವಾ? ನಡೆದಿತ್ತು. ಆದರೆ ಆಗ ದುಡ್ಡು ಕೊಡುತ್ತಿದ್ದದ್ದು ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು. ಬಳಸುತ್ತಿದ್ದವರು ಪ್ರೊಫೆಸರುಗಳು, ಸಂಶೋಧಕರು, ವಿದ್ಯಾರ್ಥಿಗಳು. ನಮ್ಮ ದೊಡ್ಡಮ್ಮನಿಗೆ ಅಲ್ಲಿ ಜಾಗ ಇರಲಿಲ್ಲ.

1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ಎಂಬ ಆನ್‌ಲೈನ್ ಪತ್ರಿಕೆಯಲ್ಲಿ ಎಟಿ ಆ್ಯಂಡ್ ಟಿ ಕಂಪನಿಯ ಬ್ಯಾನರ್ ಬಂತು. ವೆಬ್‌ನ ಮೊದಲ ಬ್ಯಾನರ್ ಜಾಹೀರಾತುಗಳಲ್ಲಿ ಅದೂ ಒಂದು. ಬರಹಗಾರರಿಗೆ ಸಂಬಳ ಕೊಡಬೇಕಿತ್ತು, ಓದುಗರಿಂದ ದುಡ್ಡು ಪಡೆಯುವ ದಾರಿ ಇರಲಿಲ್ಲ. ಅದಕ್ಕೇ ಪತ್ರಿಕೆಗಳ ಹಳೆಯ ದಾರಿಯನ್ನೇ ಹಿಡಿದರು.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಣ್ಣ ಸಂಗತಿ ಇದೆ. ಹುಡುಕಿದ ಪುಟ ಸಿಗದಿದ್ದಾಗ 404 ಅಂತ ಬರುವುದನ್ನು ನೀವು ನೋಡಿರುತ್ತೀರಿ. ಅದೇ ಸಾಲಿನಲ್ಲಿ 402 ಅಂತಲೂ ಒಂದು ಇದೆ. ಅದರ ಅರ್ಥ: ಮೊದಲು ಹಣ ಪಾವತಿಸಿ. ವೆಬ್ ಕಟ್ಟಿದವರು ಮುಂದೊಂದು ದಿನ ಜನ ಪುಟಕ್ಕಿಷ್ಟು ಅಂತ ಕೊಟ್ಟು ಓದುತ್ತಾರೆ ಅಂತ ನೆನೆಸಿ ಆ ನಂಬರನ್ನು ಮುಂದಿನ ಬಳಕೆಗೆ ಅಂತ ಕಾದಿರಿಸಿದ್ದರು. ಬರುತ್ತೇನೆ ಅಂದ ನೆಂಟರಿಗೆ ಎಲೆ ಹಾಕಿಟ್ಟ ಹಾಗೆ. ಮೂವತ್ತು ವರ್ಷ ಆಯಿತು. ಪಂಕ್ತಿಯಲ್ಲಿ ಆ ಎಲೆ ಹೆಚ್ಚುಕಡಿಮೆ ಖಾಲಿಯೇ ಇದೆ.

ನೆಂಟರು ಬರದಿರಲು ದಾರಿ ಸರಿ ಇಲ್ಲದಿದ್ದದ್ದೇ ಕಾರಣ. ಒಂದು ಲೇಖನಕ್ಕೆ ಒಂದು ರೂಪಾಯಿ ಅಂತಿಟ್ಟುಕೊಳ್ಳಿ. ಅದನ್ನು ಕಾರ್ಡಿನಲ್ಲಿ ಕಳಿಸಲು ಬ್ಯಾಂಕಿನ ಖರ್ಚೇ ಅದಕ್ಕಿಂತ ಜಾಸ್ತಿ ಆಗುತ್ತಿತ್ತು. ಸಣ್ಣ ಪಾವತಿಗೆಂದೇ ಹುಟ್ಟಿದ ಡಿಜಿಕ್ಯಾಶ್‌ನಂಥ ಕಂಪನಿ 1998ರಲ್ಲಿ ದಿವಾಳಿ ಆಯಿತು. ಇನ್ನೊಂದು ತೊಡಕು ಮನಸ್ಸಿನದು. ಒಂದೇ ರೂಪಾಯಿ ಆದರೂ, ಕೊಡಲೋ ಬೇಡವೋ ಅಂತ ಪ್ರತಿ ಸಲ ಯೋಚಿಸುವುದೇ ಒಂದು ದಣಿವು.

ದಾರಿ ಸರಿ ಇದ್ದ ಕಡೆ ಮಾತ್ರ ಜನ ಧಾರಾಳವಾಗಿ ಕೊಟ್ಟಿದ್ದಾರೆ. ಫ್ರಾನ್ಸಿನ ಮಿನಿಟೆಲ್ ಕತೆ ಕೇಳಿ. 1980ರ ದಶಕದ ಶುರುವಿನಲ್ಲಿ ಅಲ್ಲಿನ ಸರ್ಕಾರಿ ಟೆಲಿಫೋನ್ ಇಲಾಖೆ ಮನೆಮನೆಗೆ ಒಂದು ಪುಟ್ಟ ಪರದೆ, ಕೀಲಿಮಣೆ ಇರುವ ಯಂತ್ರವನ್ನು ಪುಕ್ಕಟೆ ಕೊಟ್ಟಿತು. ಫೋನ್ ಡೈರೆಕ್ಟರಿ ಅಚ್ಚು ಹಾಕಿಸುವ ಬದಲು ಇದನ್ನೇ ಕೊಡೋಣ ಅನ್ನುವುದು ಲೆಕ್ಕ. ಅದರಲ್ಲಿ ರೈಲು ಟಿಕೆಟ್ ತೆಗೆಯಬಹುದಿತ್ತು, ಬ್ಯಾಂಕ್ ಲೆಕ್ಕ ನೋಡಬಹುದಿತ್ತು, ಸುದ್ದಿ ಓದಬಹುದಿತ್ತು, ಹರಟಬಹುದಿತ್ತು. ಸೇವೆ ನೋಡಿಕೊಂಡು ನಿಮಿಷಕ್ಕಿಷ್ಟು ಅಂತ ಮೀಟರ್ ಓಡುತ್ತಿತ್ತು. ಆ ಹಣ ತಿಂಗಳ ಕೊನೆಗೆ ಫೋನ್ ಬಿಲ್ಲಿನಲ್ಲೇ ಸೇರಿ ಬರುತ್ತಿತ್ತು. ಇಲಾಖೆ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಸೇವೆ ಕೊಟ್ಟವರಿಗೆ ದಾಟಿಸುತ್ತಿತ್ತು. ಕಾರ್ಡ್ ಬೇಡ, ಪಾಸ್‌ವರ್ಡ್ ಬೇಡ. 2012ರ ಜೂನ್ 30ರವರೆಗೂ ಅದು ನಡೆಯಿತು. ಜಪಾನಿನಲ್ಲಿ ಡೊಕೊಮೊ ಕಂಪನಿ 1999ರಲ್ಲಿ ಶುರು ಮಾಡಿದ ಐ-ಮೋಡ್ ಕೂಡ ಇದೇ ಜಾಡು. ಸೈಟಿನವರು ತಿಂಗಳಿಗೆ 300 ಯೆನ್ ಒಳಗೆ ಶುಲ್ಕ ಇಡುತ್ತಿದ್ದರು, ಅದು ಮೊಬೈಲ್ ಬಿಲ್ಲಿಗೆ ಸೇರುತ್ತಿತ್ತು. ಡೊಕೊಮೊ ಹಿಡಿದುಕೊಳ್ಳುತ್ತಿದ್ದ ಕಮಿಷನ್ 9% ಮಾತ್ರ.

ಇದನ್ನು ಓದಿ, ಹಾಗಾದರೆ ದುಡ್ಡು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಅಂದುಕೊಳ್ಳಬೇಡಿ. ಮಿನಿಟೆಲ್‌ನಲ್ಲಿ ಮೀಟರ್ ಓಡಿದಷ್ಟೂ ಲಾಭ. ಹಾಗಾಗಿ ಅಲ್ಲಿನ ಕೆಲವು ಹರಟೆ ಸೇವೆಗಳಲ್ಲಿ ಸಂಬಳಕ್ಕೆ ಜನ ಇಟ್ಟು, ಅವರು ಯಾರೋ ಹೆಂಗಸು ಅನ್ನುವಂತೆ ಮಾತಾಡುತ್ತಾ ಗಿರಾಕಿಯನ್ನು ಗಂಟೆಗಟ್ಟಲೆ ಕೂರಿಸುತ್ತಿದ್ದರು. ನಮ್ಮಲ್ಲಿ ಕಾಲರ್ ಟ್ಯೂನ್ ಕಾಲ ನೆನಪಿದೆಯಾ? ಏನೋ ಒತ್ತಿದ್ದಕ್ಕೆ, ಕೆಲವು ಸಲ ಏನೂ ಒತ್ತದೆಯೇ, ಬ್ಯಾಲೆನ್ಸಿನಿಂದ 30 ರೂಪಾಯಿ ಮಾಯ. ನಮ್ಮ ತಂದೆಯ ಫೋನಿಗೆ ಮೂರು ತಿಂಗಳು ಕ್ರಿಕೆಟ್ ಸ್ಕೋರ್ ಬರುತ್ತಿತ್ತು, ಅವರು ಕ್ರಿಕೆಟ್ ನೋಡುವವರೇ ಅಲ್ಲ. ಇಂಥ ದೂರು ಜಾಸ್ತಿಯಾಗಿ, ಗ್ರಾಹಕ ಎರಡು ಸಲ ಒಪ್ಪಿಗೆ ಕೊಡದೆ ಇಂಥ ಸೇವೆ ಶುರು ಮಾಡಬಾರದು ಅಂತ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರಲ್ಲಿ ಆದೇಶ ಮಾಡಬೇಕಾಯಿತು. ಜಾಹೀರಾತಿಗೆ ಅದರದೇ ಮೋಸ ಇದೆ, ಚಂದಾಕ್ಕೂ ಅದರದೇ ಮೋಸ ಇದೆ.

ವಾಟ್ಸ್ಆ್ಯಪ್ ಪಾಠ

ಜಾಹೀರಾತು ಬೇಡ ಅಂತ ಮನಸಾರೆ ನಂಬಿ ಹೊರಟವರು ಯಾರೂ ಇಲ್ಲವೇ? ಇದ್ದರು. ನಮ್ಮೆಲ್ಲರ ಫೋನಿನಲ್ಲೂ ಅವರ ಕೆಲಸ ಇದೆ.

ಯಾನ್ ಕೂಮ್ ಮತ್ತು ಬ್ರಯಾನ್ ಆಕ್ಟನ್ ಯಾಹೂದಲ್ಲಿ ವರ್ಷಗಟ್ಟಲೆ ದುಡಿದವರು. ಜಾಹೀರಾತಿನ ವ್ಯಾಪಾರ ಒಳಗಿನಿಂದ ಹೇಗಿರುತ್ತದೆ ಅಂತ ನೋಡಿ ಬೇಸತ್ತವರು. 2009ರಲ್ಲಿ ವಾಟ್ಸ್ಆ್ಯಪ್ ಶುರು ಮಾಡಿದರು. ಜಾಹೀರಾತು ಯಾಕೆ ಹಾಕುವುದಿಲ್ಲ ಅಂತ 2012ರಲ್ಲಿ ಕಂಪನಿಯಿಂದಲೇ ವಿವರವಾಗಿ ಬರೆದರು. ವರ್ಷಕ್ಕೆ ಒಂದು ಡಾಲರ್ ಕೊಡಿ, ಸಾಕು ಅನ್ನುವುದು ಅವರ ಲೆಕ್ಕ. 2014ರಲ್ಲಿ ಫೇಸ್‌ಬುಕ್ ಅದನ್ನು 1,900 ಕೋಟಿ ಡಾಲರಿಗೆ ಕೊಂಡಾಗ 45 ಕೋಟಿ ಜನ ಬಳಸುತ್ತಿದ್ದರು. ಕೆಲಸಕ್ಕಿದ್ದವರು 55 ಜನ! ಸಂದೇಶ ದಾಟಿಸುವ ಕೆಲಸಕ್ಕೆ ಎಷ್ಟು ಕಡಿಮೆ ಕೈಗಳು ಸಾಕು ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಆದರೆ ಆ ಒಂದು ಡಾಲರ್ ಎಲ್ಲರಿಂದ ವಸೂಲಾಗಲಿಲ್ಲ. 2016ರ ಜನವರಿಯಲ್ಲಿ ಶುಲ್ಕ ತೆಗೆದುಹಾಕಿದಾಗ ಕಂಪನಿ ಕೊಟ್ಟ ಕಾರಣ ನಮ್ಮ ದೇಶಕ್ಕೆ ಅಳತೆ ಮಾಡಿ ಹೊಲಿಸಿದ ಹಾಗಿತ್ತು. ಬಳಸುವ ಎಷ್ಟೋ ಜನರ ಹತ್ತಿರ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡೇ ಇಲ್ಲ, ವರ್ಷ ಮುಗಿದರೆ ಮನೆಯವರ ಜೊತೆಗಿನ ಸಂಪರ್ಕ ತಪ್ಪಿಹೋಗುತ್ತದೆ ಅಂತ ಅವರಿಗೆ ಹೆದರಿಕೆ. ಆಕ್ಟನ್ 2017ರಲ್ಲಿ, ಕೂಮ್ 2018ರಲ್ಲಿ ಹೊರಬಂದರು. ಅಂಗಡಿಗಳು, ಬ್ಯಾಂಕುಗಳು ಗ್ರಾಹಕರಿಗೆ ಕಳಿಸುವ ಸಂದೇಶಕ್ಕೆ ದುಡ್ಡು ಪಡೆಯುವ ಏರ್ಪಾಡು ಬಂತು. 2025ರ ಜೂನ್‌ನಲ್ಲಿ, ಸ್ಟೇಟಸ್ ನೋಡುವ ಜಾಗದಲ್ಲಿ ಜಾಹೀರಾತು ಬರುತ್ತದೆ ಅಂತ ಕಂಪನಿಯೇ ಹೇಳಿತು.

ಅದೇ ಆಕ್ಟನ್ 2018ರಲ್ಲಿ 5 ಕೋಟಿ ಡಾಲರ್ ಹಾಕಿ, ಸಿಗ್ನಲ್ ಎಂಬ ಸಂದೇಶದ ಆ್ಯಪ್ ನಡೆಸುವ ಸಿಗ್ನಲ್ ಫೌಂಡೇಶನ್‌ಗೆ ಬೆನ್ನೆಲುಬಾದರು. ಅಲ್ಲಿ ಜಾಹೀರಾತು ಇಲ್ಲ, ಸಂದೇಶಕ್ಕೆ ಶುಲ್ಕವೂ ಇಲ್ಲ, ನಡೆಯುವುದು ಹೆಚ್ಚಾಗಿ ದೇಣಿಗೆಯಲ್ಲಿ. 2023ರಲ್ಲಿ ಅವರು ತಮ್ಮ ಖರ್ಚಿನ ಲೆಕ್ಕವನ್ನು ಜನರ ಮುಂದಿಟ್ಟರು. ಸರ್ವರ್, ಬ್ಯಾಂಡ್‌ವಿಡ್ತ್ ಎಲ್ಲ ಸೇರಿ ವರ್ಷಕ್ಕೆ ಸುಮಾರು 1.4 ಕೋಟಿ ಡಾಲರ್. ಅದರಲ್ಲಿ 60 ಲಕ್ಷ ಡಾಲರ್ ಹೋಗುತ್ತಿದ್ದದ್ದು ಏತಕ್ಕೆ ಗೊತ್ತಾ? ಹೊಸಬರು ಸೇರುವಾಗ ಬರುವ ಓಟಿಪಿ ಎಸ್ಸೆಮ್ಮೆಸ್‌ಗೆ! ಆ ಹಣ ಹೋಗುವುದು ಟೆಲಿಕಾಂ ಕಡೆಗೆ. ಜಾತ್ರೆಯ ದುಡ್ಡು ತಿರುಗಿ ಬಸ್ಸಿನವರಿಗೇ.

ಎಷ್ಟು ಬೇಕು, ಎಷ್ಟು ಬರುತ್ತಿದೆ

ಜಾಹೀರಾತು ನಿಂತರೆ ಒಬ್ಬೊಬ್ಬರೂ ಎಷ್ಟು ಕೊಡಬೇಕು ಅಂತ ಒಂದು ಒರಟು ಲೆಕ್ಕ ಹಾಕೋಣ. 2023ರಲ್ಲಿ ಗೂಗಲ್‌ನ ತಾಯಿ ಕಂಪನಿ ಆಲ್ಫಬೆಟ್‌ಗೆ ಜಾಹೀರಾತಿನಿಂದ ಬಂದದ್ದು ಸುಮಾರು 23,800 ಕೋಟಿ ಡಾಲರ್. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಮೆಟಾಗೆ ಬಂದದ್ದು ಸುಮಾರು 13,200 ಕೋಟಿ. ಮೆಟಾದ ಆದಾಯದಲ್ಲಿ 100ಕ್ಕೆ 98 ಪಾಲು ಅದೇ. ಎರಡೂ ಸೇರಿ 37,000 ಕೋಟಿ ಡಾಲರ್. ಆ ವರ್ಷ ಜಗತ್ತಿನಲ್ಲಿ ಇಂಟರ್ನೆಟ್ ಬಳಸುತ್ತಿದ್ದವರು ಸುಮಾರು 540 ಕೋಟಿ. ಭಾಗಿಸಿದರೆ ತಲೆಗೆ ವರ್ಷಕ್ಕೆ 68 ಡಾಲರ್ ಚಿಲ್ಲರೆ. ಆಗಿನ ದರದಲ್ಲಿ ಸುಮಾರು 5,700 ರೂಪಾಯಿ, ತಿಂಗಳಿಗೆ 475. ಇದು ಎರಡೇ ಕಂಪನಿಗಳ ಬಾಬ್ತು.

ಅಷ್ಟೂ ನಾವು ತುಂಬಿಕೊಡಬೇಕೇ? ಇಲ್ಲ. ಜಾಹೀರಾತಿನಿಂದ ಎಷ್ಟು ಬರುತ್ತಿದೆ ಅನ್ನುವುದು ಒಂದು ಪ್ರಶ್ನೆ, ಸೇವೆ ನಡೆಸಲು ಎಷ್ಟು ಬೇಕು ಅನ್ನುವುದು ಬೇರೆ ಪ್ರಶ್ನೆ. ಈ ಚರ್ಚೆಯಲ್ಲಿ ಜನ ಹೆಚ್ಚಾಗಿ ಎಡವುವುದು ಇಲ್ಲೇ. ಅದೇ ವರ್ಷ ಆಲ್ಫಬೆಟ್‌ನ ನಿವ್ವಳ ಲಾಭ ಸುಮಾರು 7,380 ಕೋಟಿ ಡಾಲರ್, ಮೆಟಾದ್ದು 3,910 ಕೋಟಿ. ಅಷ್ಟೇ ಅಲ್ಲ, ಐಫೋನಿನಲ್ಲಿ ತನ್ನ ಹುಡುಕಾಟವೇ ಮೊದಲು ತೆರೆಯಲಿ ಅಂತ ಗೂಗಲ್ 2022ರಲ್ಲಿ ಆ್ಯಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟಿತ್ತು ಅಂತ ಅಮೆರಿಕದ ಕೋರ್ಟ್ ದಾಖಲೆಯಿಂದ ಗೊತ್ತಾಯಿತು. ಅದು ಹುಡುಕಾಟ ನಡೆಸುವ ಖರ್ಚಲ್ಲ, ಬಾಗಿಲಲ್ಲಿ ತಾನೊಬ್ಬನೇ ನಿಲ್ಲುವುದಕ್ಕೆ ಕೊಟ್ಟ ಖರ್ಚು.

ಈಗ ವಿಕಿಪೀಡಿಯ ನೋಡಿ. ಅದನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ 2022-23ರಲ್ಲಿ ಸರ್ವರ್ ಮತ್ತು ಹೋಸ್ಟಿಂಗ್‌ಗೆ ಖರ್ಚು ಮಾಡಿದ್ದು ಸುಮಾರು 30 ಲಕ್ಷ ಡಾಲರ್. ಸಂಬಳ, ಅನುದಾನ ಎಲ್ಲ ಸೇರಿದರೂ ಒಟ್ಟು ಖರ್ಚು 17 ಕೋಟಿ ಡಾಲರಿನ ಆಸುಪಾಸು. ಬರೆಯುವವರು ಸಂಬಳ ಇಲ್ಲದೆ ಬರೆಯುತ್ತಾರೆ. 2002ರಲ್ಲಿ, ಜಾಹೀರಾತು ಹಾಕಬಹುದೇನೋ ಅನ್ನುವ ಮಾತು ಬಂದಷ್ಟಕ್ಕೇ ಸ್ಪ್ಯಾನಿಷ್ ಬರಹಗಾರರ ಒಂದು ಗುಂಪು ಎದ್ದು ಹೋಗಿ ಬೇರೆ ವಿಶ್ವಕೋಶ ಕಟ್ಟಿತು. ಆಮೇಲೆ ಆ ಮಾತು ಬಲ ಪಡೆಯಲೇ ಇಲ್ಲ.

ಅಕ್ಷರ ಅಗ್ಗ. ವಿಡಿಯೊ ಅಗ್ಗ ಅಲ್ಲ. ಒಂದು ಲೇಖನ ಓದುವುದಕ್ಕೆ ಬೇಕಾದ ಡೇಟಾಕ್ಕಿಂತ ಒಂದು ಗಂಟೆಯ ವಿಡಿಯೊಗೆ ನೂರಾರು, ಕೆಲವು ಸಲ ಸಾವಿರಾರು ಪಟ್ಟು ಬೇಕು. ಮೇಲಾಗಿ ವಿಡಿಯೊ ಮಾಡಿದವರ ಹೊಟ್ಟೆಪಾಡು. ಯೂಟ್ಯೂಬ್ ತನ್ನ ಸಾಮಾನ್ಯ ವಿಡಿಯೊಗಳ ಜಾಹೀರಾತು ಆದಾಯದಲ್ಲಿ 55% ಪಾಲನ್ನು ಮಾಡಿದವರಿಗೆ ಕೊಡುತ್ತದೆ. ಕನ್ನಡದಲ್ಲಿ ಅಡುಗೆ ತೋರಿಸುವವರು, ಗಣಿತ ಹೇಳಿಕೊಡುವವರು, ಡ್ರಿಪ್ ಪೈಪ್ ಕೂಡಿಸುವುದನ್ನು ಕಲಿಸುವವರು ಎಷ್ಟು ಜನ ಇದರಲ್ಲಿ ಬದುಕು ಕಟ್ಟಿಕೊಂಡಿದ್ದಾರೆ! ನಾಳೆ ಜಾಹೀರಾತು ನಿಂತರೆ ವಿಕಿಪೀಡಿಯ ಉಳಿಯುತ್ತದೆ, ಇಮೇಲ್ ಉಳಿಯುತ್ತದೆ, ಬ್ಯಾಂಕು, ರೈಲ್ವೆ ಟಿಕೆಟ್, ಆನ್‌ಲೈನ್ ಅಂಗಡಿ ಎಲ್ಲ ಉಳಿಯುತ್ತವೆ. ಇವರು ಉಳಿಯುತ್ತಾರೆ ಅಂತ ಹೇಳಲು ನನಗೆ ಧೈರ್ಯ ಇಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. 2023ರ ಕೊನೆಯ ಮೂರು ತಿಂಗಳಲ್ಲಿ ಫೇಸ್‌ಬುಕ್‌ಗೆ ಅಮೆರಿಕ ಮತ್ತು ಕೆನಡಾದ ಒಬ್ಬೊಬ್ಬ ಬಳಕೆದಾರರಿಂದ ಬಂದ ಸರಾಸರಿ ಆದಾಯ 68 ಡಾಲರ್. ಏಷ್ಯಾ-ಪೆಸಿಫಿಕ್ ಭಾಗದಲ್ಲಿ, ಅದೂ ಜಪಾನ್, ಆಸ್ಟ್ರೇಲಿಯದಂಥ ಸಿರಿವಂತ ದೇಶಗಳು ಸೇರಿಕೊಂಡು, ಐದೂವರೆ ಡಾಲರ್. ಆದರೆ ಆ್ಯಪ್ ಒಂದೇ, ಫೋಟೊ ಇಡುವ ಜಾಗ ಒಂದೇ. ಅಲ್ಲಿನವರಿಗೆ ತೋರಿಸಿದ ಜಾಹೀರಾತಿನ ದುಡ್ಡಲ್ಲಿ ಇಲ್ಲಿನವರ ಸೇವೆಗೂ ಒಂದಿಷ್ಟು ಆಸರೆ ಸಿಗುತ್ತಿದೆ. ಎಲ್ಲರಿಗೂ ಒಂದೇ ಶುಲ್ಕ ಅಂತ ಮಾಡಿದ ದಿನ ಹೊರಗೆ ಉಳಿಯುವವರು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಯುರೋಪಿನಲ್ಲಿ ಮೆಟಾ 2023ರ ನವೆಂಬರ್‌ನಲ್ಲಿ ಜಾಹೀರಾತು ಬೇಡದವರಿಗೆ ತಿಂಗಳಿಗೆ 9.99 ಯುರೊ ಅಂತ ಶುಲ್ಕ ಇಟ್ಟಿತು, ಆಮೇಲೆ ಇಳಿಸಿತು. ಆ ಮೊತ್ತ ಕೊಟ್ಟು ಫೇಸ್‌ಬುಕ್ ನೋಡುವ ಒಬ್ಬರನ್ನೂ ನಮ್ಮೂರಲ್ಲಿ ನಾನು ಊಹಿಸಲಾರೆ.

ಹಾಗಂತ ಕನ್ನಡದವರು ಕೊಡುವವರೇ ಅಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತು ತೆಗೆದುಕೊಳ್ಳದೆ, ಓದುಗರು ಕೊಟ್ಟ ಬಿಡಿ ದುಡ್ಡಿನಲ್ಲೇ ವರ್ಷಗಟ್ಟಲೆ ನಡೆಯಿತು. ಬೇಕು ಅನ್ನಿಸಿದ್ದಕ್ಕೆ ನಮ್ಮ ಜನ ಪ್ರತಿ ವಾರ ಜೇಬಿಗೆ ಕೈ ಹಾಕಿದ್ದಾರೆ. ಇನ್ನೂ ಹಿಂದೆ, 1935ರಲ್ಲಿ, ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸ್ವಂತ ಖರ್ಚಿನಲ್ಲಿ ರೇಡಿಯೊ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಬಂದದ್ದು ಅಲ್ಲಿಂದಲೇ. ಕೆಲವು ವರ್ಷ ಆದ ಮೇಲೆ ಅದನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು. ಒಬ್ಬರ ಪ್ರೀತಿಯಿಂದ ಶುರುವಾದದ್ದು ಬಾಳಬೇಕಾದರೆ ಹಿಂದೆ ಒಂದು ಗಟ್ಟಿ ಬೊಕ್ಕಸ ಬೇಕು. ಇವತ್ತಿನ ಕನ್ನಡದ ಇಂಟರ್ನೆಟ್‌ನಲ್ಲೂ ಅಂಥ ಪ್ರೀತಿಯ ಕೆಲಸ ಇದೆ. 2003ರಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕೂಡಿಸಿದ ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' ಇದೆ. ಎರಡರಲ್ಲೂ ಒಂದೇ ಒಂದು ಜಾಹೀರಾತು ಇಲ್ಲ. ನಾನು ದಿನಾ ತೆರೆಯುವ ಪುಟಗಳಲ್ಲಿ ಕಣ್ಣಿಗೆ ತಂಪು ಅನ್ನಿಸುವುದು ಇವೇ.

ಮತ್ತೊಂದು ವಿಷಯಕ್ಕೆ ನಾವು ಹೆಮ್ಮೆ ಪಡಬೇಕು. ಯುಪಿಐ. ಐದು ರೂಪಾಯಿ ಟೀಗೂ ಫೋನಿನಲ್ಲೇ ಕೊಡುತ್ತೇವೆ. 1990ರ ದಶಕದಲ್ಲಿ ವೆಬ್‌ಗೆ ಸಿಗದೆ ಹೋದ ದಾರಿ ಇದೇ ಅಲ್ವಾ? ಸಣ್ಣ ಮೊತ್ತಕ್ಕೆ ಪಿನ್ ಕೂಡ ಕೇಳದ ಯುಪಿಐ ಲೈಟ್ ಬಂದಿದೆ. ಇದು ಪುಕ್ಕಟೆ ನಡೆಯುತ್ತಿಲ್ಲ. ಬ್ಯಾಂಕುಗಳು ಖರ್ಚು ಹೊರುತ್ತವೆ, ಕೇಂದ್ರ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. 2022-23ಕ್ಕೆ ಯುಪಿಐ ಮತ್ತು ರುಪೇ ಕಾರ್ಡ್ ಎರಡಕ್ಕೂ ಸೇರಿ 2,600 ಕೋಟಿ ರೂಪಾಯಿಯ ಯೋಜನೆ ಮಂಜೂರಾಗಿತ್ತು. 402ರ ಆ ಖಾಲಿ ಎಲೆಗೆ ಊಟ ಬಡಿಸಲು ಜಗತ್ತಿನಲ್ಲಿ ಎಲ್ಲಾದರೂ ಅನುಕೂಲ ಇದ್ದರೆ ಅದು ನಮ್ಮಲ್ಲಿ. ಒಂದು ಒಳ್ಳೆಯ ಕನ್ನಡ ಲೇಖನಕ್ಕೆ ಎರಡು ರೂಪಾಯಿ, ಚಂದಾ ಇಲ್ಲ, ಆಟೊಪೇ ಇಲ್ಲ. ಯಾರಾದರೂ ಇದನ್ನು ಮನಸ್ಸಿಟ್ಟು ಮಾಡಬೇಕು.

"ಇವನಿಗೆ ಯಾರು ಹೇಳಿದ್ರು?"

ದೊಡ್ಡಮ್ಮನ ಮೊದಲ ಪ್ರಶ್ನೆ ಬಾಕಿ ಇದೆ. ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ ಅದೇ.

ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಮಾರುವುದು ಅವರಿಗೆ ಗೊತ್ತು. ರೈತ ಚೀಲ ತಂದು ಮಂಡಿಗೆ ಹಾಕುತ್ತಾನೆ, ವರ್ತಕರು ಬೆಲೆ ಇಡುತ್ತಾರೆ, ಹೆಚ್ಚು ಇಟ್ಟವನಿಗೆ ಮಾಲು. ನೀವು ಜಾಹೀರಾತಿರುವ ಒಂದು ಪುಟ ತೆರೆದಾಗ ಇಂಥದ್ದೇ ಒಂದು ಹರಾಜು ನಡೆಯುತ್ತದೆ. ಪುಟ ತೆರೆದುಕೊಳ್ಳುವಷ್ಟರಲ್ಲಿ, ಕಣ್ಣು ರೆಪ್ಪೆ ಬಡಿಯುವ ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಮಾರಾಟಕ್ಕಿರುವ ಮಾಲು ನಿಮ್ಮ ಗಮನ. ಮಾದರಿ ತೋರಿಸಲು ಕೊಬ್ಬರಿ ಒಡೆದಿಡುವ ಹಾಗೆ ನಿಮ್ಮ ವಿವರ ಮುಂದಿಡುತ್ತಾರೆ. ಯಾವ ಫೋನು, ಯಾವ ಊರಿನ ಸುತ್ತಮುತ್ತ, ಯಾವ ಭಾಷೆ, ಹಿಂದೆ ಏನೇನು ನೋಡಿದ್ದೀರಿ, ಯಾವ ಗುಂಪಿಗೆ ಸೇರಿದವರು. ಹರಾಜಿನಲ್ಲಿ ಸೋತವರೂ ಆ ವಿವರ ನೋಡಿರುತ್ತಾರೆ ಅನ್ನುವುದು ಇದರಲ್ಲಿನ ಕೆಟ್ಟ ಭಾಗ. ಸೈಟುಗಳು ನಿಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಕುಕಿ ಎಂಬ ಪುಟ್ಟ ಫೈಲು, ಫೋನಿಗೆ ಅಂಟಿಸಿದ ಜಾಹೀರಾತು ನಂಬರು, ಇವು ನಿಮ್ಮನ್ನು ಒಂದು ಸೈಟಿನಿಂದ, ಒಂದು ಆ್ಯಪಿನಿಂದ ಇನ್ನೊಂದಕ್ಕೆ ಗುರುತು ಹಿಡಿಯುತ್ತವೆ.

ಮಂಡಿಯಲ್ಲಿ ದಲ್ಲಾಳಿ, ಕೊಳ್ಳುವವನು, ಹರಾಜು ಕೂಗುವವನು ಮೂವರೂ ಒಬ್ಬನೇ ಆದರೆ ರೈತ ಒಪ್ಪುತ್ತಾನೆಯೇ? ಇಲ್ಲಿ ಹೆಚ್ಚುಕಡಿಮೆ ಹಾಗೇ ಆಗಿದೆ. ಗೂಗಲ್ 2008ರಲ್ಲಿ ಡಬಲ್‌ಕ್ಲಿಕ್ ಕಂಪನಿಯನ್ನು 310 ಕೋಟಿ ಡಾಲರ್ ಕೊಟ್ಟು ಕೊಂಡ ಮೇಲೆ ಮಾರುವವರ ಸಾಧನ, ಹರಾಜು ಕಟ್ಟೆ, ಕೊಳ್ಳುವವರ ಸಾಧನ ಮೂರರಲ್ಲೂ ಕೈ ಇಟ್ಟಿತು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯಾಧೀಶೆ ಲಿಯೋನಿ ಬ್ರಿಂಕೆಮಾ, ಮೊದಲ ಎರಡರಲ್ಲಿ ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ನಡೆಸಿದೆ ಅಂತ ತೀರ್ಪು ಕೊಟ್ಟರು. ಈ ಮಂಡಿಯಲ್ಲಿ ಎಷ್ಟು ಸೋರುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. 2020ರಲ್ಲಿ ಬ್ರಿಟನ್ನಿನ ಜಾಹೀರಾತುದಾರರ ಸಂಘಕ್ಕಾಗಿ ಲೆಕ್ಕಪರಿಶೋಧನೆಯ ಕಂಪನಿ ಪಿಡಬ್ಲ್ಯೂಸಿ ಮಾಡಿದ ಅಧ್ಯಯನದಲ್ಲಿ ಜಾಹೀರಾತಿಗೆ ಕೊಟ್ಟ ನೂರರಲ್ಲಿ ಪ್ರಕಾಶಕರ, ಅಂದರೆ ಸೈಟು ನಡೆಸುವವರ, ಕೈಗೆ ತಲುಪಿದ್ದು 51. ಉಳಿದದ್ದು ನಡುವಿನವರಿಗೆ. ಅದರಲ್ಲೂ 15 ಎಲ್ಲಿ ಹೋಯಿತು ಅಂತಲೇ ಪತ್ತೆಯಾಗಲಿಲ್ಲ.

ಅಂದರೆ ಜಾಹೀರಾತು ಬೇರೆ, ಬೆನ್ನು ಹತ್ತಿ ಬರುವ ಜಾಹೀರಾತು ಬೇರೆ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಸಿಮೆಂಟಿನ ಜಾಹೀರಾತು ಇದ್ದರೆ ಅದು ಯಾರನ್ನೂ ಹಿಂಬಾಲಿಸಿಕೊಂಡು ಮನೆಗೆ ಬರುವುದಿಲ್ಲ. ನೀವು ಪಂಪ್‌ಸೆಟ್ ಅಂತ ಹುಡುಕಿದಾಗ ಪಂಪ್‌ಸೆಟ್ ಅಂಗಡಿಯ ಜಾಹೀರಾತು ಬಂದರೆ ಅದಕ್ಕೆ ನಿಮ್ಮ ಜಾತಕ ಬೇಕಿಲ್ಲ, ಹುಡುಕಿದ ಪದ ಸಾಕು. ನೆದರ್ಲೆಂಡ್ಸಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಪಿಒ 2020ರಲ್ಲಿ ತನ್ನ ಸೈಟುಗಳಲ್ಲಿ ಹಿಂಬಾಲಿಸುವ ಜಾಹೀರಾತು ನಿಲ್ಲಿಸಿ, ಪುಟದಲ್ಲಿರುವ ವಿಷಯಕ್ಕೆ ಹೊಂದುವ ಜಾಹೀರಾತಷ್ಟೇ ಹಾಕಿತು. ಆದಾಯ ಇಳಿಯುವ ಬದಲು ಏರಿತು. ಯಾಕೆಂದರೆ ನಡುವಿನವರ ಪಾಲು ಉಳಿಯಿತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾಗದು. 2021ರಲ್ಲಿ ಐಫೋನ್‌ಗಳಲ್ಲಿ, ನಿಮ್ಮನ್ನು ಹಿಂಬಾಲಿಸಲೇ ಅಂತ ಕೇಳಿಯೇ ಹಿಂಬಾಲಿಸಬೇಕು ಅನ್ನುವ ನಿಯಮ ಬಂದಾಗ, ಅದರಿಂದ ಮುಂದಿನ ವರ್ಷ ಸುಮಾರು 1,000 ಕೋಟಿ ಡಾಲರ್ ಕೈತಪ್ಪುತ್ತದೆ ಅಂತ ಮೆಟಾ ಹೇಳಿತ್ತು. ಆದರೆ ಆ ವರ್ಷ ಫೇಸ್‌ಬುಕ್ ಮುಚ್ಚಲಿಲ್ಲ, ಇನ್‌ಸ್ಟಾಗ್ರಾಂ ಮುಚ್ಚಲಿಲ್ಲ.

ಹಾಗಾಗಿ ಜಾಹೀರಾತನ್ನು ಪೂರ್ತಿ ತೆಗೆಯಿರಿ ಅಂತ ನಾನು ಕೇಳುವುದಿಲ್ಲ. ತೆಗೆದರೆ ಮೊದಲು ಬಾಗಿಲು ಮುಚ್ಚುವುದು ದೊಡ್ಡಮ್ಮನಂಥವರಿಗೆ. ಮನೆಯಲ್ಲಿ ಹಪ್ಪಳ ಮಾಡಿ ಮಾರುವ ಹೆಂಗಸರಿಗೂ ಇನ್ನೂರು ಮುನ್ನೂರು ರೂಪಾಯಿಯಲ್ಲಿ ಸುತ್ತಲಿನ ಊರಿಗೆ ಗೊತ್ತುಮಾಡುವ ದಾರಿ ತಪ್ಪುತ್ತದೆ. ನಾನು ಕೇಳುವುದು ಹಿಂಬಾಲಿಸುವುದನ್ನು ನಿಲ್ಲಿಸಿ ಅಂತ. ಇದು ಆಗದ ಮಾತೇನಲ್ಲ. 2023ರ ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಕಲಂನಲ್ಲಿ, 18 ವರ್ಷದ ಒಳಗಿನವರ ಜಾಡು ಹಿಡಿಯಬಾರದು, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸಬಾರದು ಅಂತ ಇದೆ. ಮಕ್ಕಳ ಮನಸ್ಸು ಮೆದು ಅನ್ನುವುದು ಅದರ ಹಿಂದಿನ ಕಾಳಜಿ. 65 ವರ್ಷದಲ್ಲಿ ಮೊದಲ ಸಲ ಸ್ಮಾರ್ಟ್‌ಫೋನ್ ಹಿಡಿದು, ಪರದೆ ಮೇಲೆ ಬಂದದ್ದನ್ನೆಲ್ಲ ನಿಜ ಅಂತ ನಂಬುವವರಿಗೆ ಆ ಕಾಳಜಿ ಯಾಕೆ ಬೇಡ?

ಅವತ್ತು ನಾನು ದೊಡ್ಡಮ್ಮನ ಫೋನಿನ ಸೆಟ್ಟಿಂಗ್ಸ್ ತೆರೆದೆ. ಆ್ಯಂಡ್ರಾಯ್ಡ್‌ನಲ್ಲಿ ಪ್ರೈವೆಸಿ ಅನ್ನುವಲ್ಲಿ ಆ್ಯಡ್ಸ್ ಅಂತ ಇರುತ್ತದೆ. ಕೆಲವು ಫೋನುಗಳಲ್ಲಿ ಅದು ಗೂಗಲ್ ಅನ್ನುವುದರ ಒಳಗಿರುತ್ತದೆ. ಅಲ್ಲಿ ಜಾಹೀರಾತು ಐಡಿಯನ್ನು ಅಳಿಸುವ ಆಯ್ಕೆ ಇದೆ. ಅಳಿಸಿದೆ. ಗೂಗಲ್ ಖಾತೆಯ ಒಳಗೂ ವೈಯಕ್ತಿಕ ಜಾಹೀರಾತು ಬೇಡ ಅಂತ ಹೇಳುವ ಗುಂಡಿ ಇದೆ, ಅದನ್ನೂ ಒತ್ತಿದೆ. ಹತ್ತು ನಿಮಿಷದ ಕೆಲಸ. ಇದರಿಂದ ಆ್ಯಡ್ ನಿಲ್ಲುವುದಿಲ್ಲ ದೊಡ್ಡಮ್ಮ, ನೀವು ಯಾರು ಅಂತ ಗೊತ್ತಿಲ್ಲದೆ ಬರುತ್ತವೆ ಅಷ್ಟೇ, ಅಂದೆ. ಹಾಡಿಗೆ ಹೊಂದುವ ಊದುಬತ್ತಿಯದ್ದೋ ತುಪ್ಪದ್ದೋ ಬರಬಹುದು.

"ಅದು ಬರ್ಲಿ ಬಿಡು," ಅಂದು ದೊಡ್ಡಮ್ಮ ಫೋನನ್ನು ಮತ್ತೆ ಚೊಂಬಿಗೆ ಒರಗಿಸಿದರು. "ಹಾಡಿದೋರಿಗೂ ಏನಾದ್ರೂ ಸಿಗ್ಬೇಕಲ್ಲ."